ಧರ್ಮಕೇಂದ್ರದ ನಾಯಕತ್ವವೂ ದೀನಸೇವೆಯೂ

(ಶತಮಾನೋತ್ಸವದ ಅಂಗವಾಗಿ, ಶಿವಮೊಗ್ಗ ಹಾಗೂ ಭದ್ರಾವತಿಯ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಮತ್ತು ಭಕ್ತಸಂಘಗಳ ಪ್ರತಿನಿಧಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಶತಮಾನೋತ್ಸವವೆಂಬುದು ಕೃತಜ್ಞತೆಯ ಕಾಲ. ಹಾಗೆಯೇ ಅದು ಲೆಕ್ಕ ಒಪ್ಪಿಸುವ ಕಾಲವೂ ಹೌದು. ನೂರು ವರ್ಷ ನಡೆದು ಬಂದ ದಾರಿಯನ್ನು ತಿರುಗಿ ನೋಡುವಾಗ ನಮ್ಮ ಕಣ್ಣಿಗೆ ಮೊದಲು ಬೀಳುವುದು ಗೋಡೆಯ ಮೇಲಣ ಶಿಲಾಫಲಕಗಳು. ಅಡಿಗಲ್ಲು ಇಟ್ಟವರು, ಆಶೀರ್ವದಿಸಿದವರು, ಗಂಟೆ ದಾನ ಮಾಡಿದವರು, ಗೋಪುರ ಕಟ್ಟಿಸಿದವರು ಎಲ್ಲರ ಹೆಸರುಗಳೂ ಅಲ್ಲಿವೆ. ಅವರಿಗೆ ನಮ್ಮ ವಂದನೆಗಳು ಸಲ್ಲತಕ್ಕದ್ದೇ. ಆದರೆ ಅಡಿಗಲ್ಲಿನ ಕೆಳಗೆ ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ನಸುಕಿನಲ್ಲಿ ಎದ್ದು ಬಾಗಿಲು ತೆರೆದವರು, ಮಳೆಗಾಲದಲ್ಲಿ ಒದ್ದೆಯಾದ ನೆಲವನ್ನು ಒರೆಸಿದವರು, ರೋಗಿಯ ಮನೆಗೆ ಗುರುಗಳನ್ನು ಕರೆತಂದವರು, ಮಕ್ಕಳಿಗೆ ಶಿಲುಬೆಯ ಗುರುತನ್ನು ಕೈಹಿಡಿದು ಕಲಿಸಿದವರು ದೇವರ ಪುಸ್ತಕದಲ್ಲಿ ಮಾತ್ರ ಬರೆಯಲ್ಪಟ್ಟವರು. ನಮ್ಮ ಮುಂದಿನ ನೂರು ವರ್ಷಗಳನ್ನು ನಡೆಸುವ ನಾಯಕತ್ವವು ಈ ಎರಡು ಪಂಕ್ತಿಗಳಲ್ಲಿ ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳುವುದು? ಇಂದಿನ ವಿಷಯವು ಈ ಪ್ರಶ್ನೆಯಲ್ಲಿಯೇ ಅಡಗಿದೆ.

ಹತ್ತಿರ ಬಂದ ಪೀಠ

ನಮ್ಮ ಪ್ರದೇಶದ ಧರ್ಮಸಭೆಯ ಚರಿತ್ರೆಯಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. 1886ರಲ್ಲಿ ಭಾರತದಲ್ಲಿ ಧರ್ಮಾಧ್ಯಕ್ಷೀಯ ಶ್ರೇಣಿಯು ಸ್ಥಾಪಿತವಾದಾಗ ನಾವು ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿದವರು. ಅದರ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ನೆಲೆಸಿದ್ದರು. 1940ರಲ್ಲಿ ಬೆಂಗಳೂರು ಪ್ರತ್ಯೇಕವಾಗಿ, ಮೈಸೂರು ನಗರವು ನಮ್ಮ ಪೀಠವಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ರಚನೆಯಾಗಿ ಪೀಠವು ಘಟ್ಟದ ಮಗ್ಗುಲಿಗೆ ಬಂದಿತು. 1988ರ ನವೆಂಬರ್ 14ರಂದು ಶಿವಮೊಗ್ಗವೇ ಧರ್ಮಕ್ಷೇತ್ರವಾಗಿ, ಪೂಜ್ಯ ಇಗ್ನೇಷಿಯಸ್ ಪಿಂಟೋರವರು ಮೊದಲ ಧರ್ಮಾಧ್ಯಕ್ಷರಾದರು. 2007ರಲ್ಲಿ ಸೀರೋ-ಮಲಬಾರ್ ವಿಧಿಯ ನಮ್ಮ ಸಹೋದರರಿಗೆ ಭದ್ರಾವತಿಯೇ ಧರ್ಮಪೀಠವಾಯಿತು.

ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಶಿವಮೊಗ್ಗ, ಭದ್ರಾವತಿ! ಪೀಠವು ಮೆಟ್ಟಿಲು ಮೆಟ್ಟಿಲಾಗಿ ಇಳಿದು ನಮ್ಮ ಮನೆಯಂಗಳಕ್ಕೆ ಬಂದಿದೆ. ಹಿಂದೆ ಧರ್ಮಾಧ್ಯಕ್ಷರನ್ನು ಕಾಣಬೇಕಾದರೆ ದಿನಗಟ್ಟಲೆ ಪ್ರಯಾಣ ಮಾಡಬೇಕಾಗಿತ್ತು. ಇಂದು ಅವರು ನಮ್ಮ ಊರಿನವರೇ. ಇದು ದೊಡ್ಡ ಭಾಗ್ಯ. ಆದರೆ ಪೀಠ ಹತ್ತಿರವಾದ ಮಾತ್ರಕ್ಕೆ ಸೇವೆ ಹತ್ತಿರವಾಯಿತೆಂದು ಹೇಳಲಾಗದು. ಅಧಿಕಾರವು ನೆರೆಮನೆಗೆ ಬಂದಾಗ ಅದನ್ನು ಓಲೈಸುವವರೂ ಹೆಚ್ಚುತ್ತಾರೆ, ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಳ್ಳುವವರೂ ಹೆಚ್ಚುತ್ತಾರೆ. ಆದ್ದರಿಂದ ಹತ್ತಿರವಾದುದು ಸಿಂಹಾಸನವೋ, ಇಲ್ಲವೇ ಸೊಂಟಕ್ಕೆ ವಸ್ತ್ರ ಕಟ್ಟಿದ ಸೇವಕನೋ ಎಂದು ನಾವು ಆಗಾಗ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಗುರುವೇ ಆಳಾದ ರಾತ್ರಿ

ಯೊವಾನ್ನರ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ನಾವು ಪ್ರತಿ ವರ್ಷ ಪವಿತ್ರ ಗುರುವಾರದಂದು ಕೇಳುತ್ತೇವೆ. ಅಂದಿನ ಪ್ಯಾಲೆಸ್ತೀನಿನ ದಾರಿಗಳು ಧೂಳಿನವು. ಮನೆಗೆ ಬಂದವರ ಕಾಲು ತೊಳೆಯುವುದು ಆಳುಗಳ ಕೆಲಸ. ಊಟಕ್ಕೆ ಕುಳಿತ ಹನ್ನೆರಡು ಮಂದಿಯಲ್ಲಿ ಒಬ್ಬನೂ ಆ ಕೆಲಸಕ್ಕೆ ಏಳಲಿಲ್ಲ. ಏಕೆ ಏಳಲಿಲ್ಲ? ಲೂಕರು ಅದಕ್ಕೆ ಕಾರಣವನ್ನು ಸೂಚಿಸಿದ್ದಾರೆ: ತಮ್ಮಲ್ಲಿ ದೊಡ್ಡವರು ಯಾರೆಂಬ ವಾಗ್ವಾದವು ಆ ಕಡೆಯ ಭೋಜನದ ಮೇಜಿನಲ್ಲಿಯೇ ನಡೆಯಿತು. ದೊಡ್ಡವರಾಗಬೇಕೆಂದಿರುವವರು ಬೋಗುಣಿಯನ್ನು ಮುಟ್ಟುವುದುಂಟೇ! ಆಗ ಯೇಸುಸ್ವಾಮಿಯೇ ಎದ್ದು, ಮೇಲಂಗಿಯನ್ನು ತೆಗೆದಿಟ್ಟು, ವಸ್ತ್ರವನ್ನು ನಡುವಿಗೆ ಕಟ್ಟಿಕೊಂಡು ಶಿಷ್ಯರ ಪಾದಗಳ ಬಳಿ ಬಾಗಿದರು.

ಈ ಪ್ರಸಂಗದಲ್ಲಿ ಎರಡು ಅಂಶಗಳನ್ನು ನಾವು ಸಾಮಾನ್ಯವಾಗಿ ದಾಟಿ ಹೋಗುತ್ತೇವೆ. ಮೊದಲನೆಯದು, ಆ ಹನ್ನೆರಡು ಮಂದಿಯಲ್ಲಿ ಯೂದನೂ ಇದ್ದನು. ತನ್ನನ್ನು ಒಪ್ಪಿಸಿಕೊಡಲು ಆಗಲೇ ಮನಸ್ಸು ಮಾಡಿದ್ದವನ ಕಾಲನ್ನೂ ಗುರುವು ತೊಳೆದರು. ನಮ್ಮ ಪಂಗಡದವರಿಗೆ, ನಮಗೆ ಮತ ಕೊಟ್ಟವರಿಗೆ, ನಮ್ಮನ್ನು ಹೊಗಳುವವರಿಗೆ ಮಾಡುವ ಸೇವೆಯು ಸೇವೆಯಲ್ಲ, ಕೊಡುಕೊಳ್ಳುವಿಕೆ. ನಮ್ಮನ್ನು ಸಭೆಯಲ್ಲಿ ವಿರೋಧಿಸಿದವನ ತಾಯಿ ಆಸ್ಪತ್ರೆಯಲ್ಲಿದ್ದಾಗ ನಾವು ಹೋಗಿ ನಿಲ್ಲಬಲ್ಲೆವಾದರೆ ಅದು ಸೇವೆ.

ಎರಡನೆಯದು, ಪೇತ್ರರ ನಿರಾಕರಣೆ. ಗುರುವಿನಿಂದ ಕಾಲು ತೊಳೆಸಿಕೊಳ್ಳಲು ಅವರು ಒಪ್ಪಲಿಲ್ಲ. ನೋಡುವವರಿಗೆ ಅದು ವಿನಯದಂತೆ ಕಾಣುತ್ತದೆ. ಆದರೆ ಯೇಸು ಅದನ್ನು ವಿನಯವೆಂದು ಎಣಿಸಲಿಲ್ಲ. ತೊಳೆಸಿಕೊಳ್ಳದವನಿಗೆ ತನ್ನಲ್ಲಿ ಪಾಲಿಲ್ಲವೆಂದು ತಿಳಿಸಿದರು. ಇತರರಿಗೆ ಸೇವೆ ಮಾಡುವುದು ಕೆಲವರಿಗೆ ಸುಲಭ. ಇತರರಿಂದ ಸೇವೆಯನ್ನು, ಸಲಹೆಯನ್ನು, ತಿದ್ದುಪಡಿಯನ್ನು ಸ್ವೀಕರಿಸುವುದು ಅವರಿಗೆ ಬಹಳ ಕಷ್ಟ. ಎಲ್ಲ ಕೆಲಸವನ್ನೂ ತಾನೇ ಮಾಡಬೇಕು, ತಾನಿಲ್ಲದಿದ್ದರೆ ಹಬ್ಬ ನಡೆಯದು, ತನ್ನ ಕೈಯಲ್ಲಿಯೇ ಕೀಲಿಕೈ ಇರಬೇಕು ಎಂದು ದುಡಿಯುವವನನ್ನು ಜನರು ಮಹಾಸೇವಕನೆಂದು ಕೊಂಡಾಡಬಹುದು. ವಾಸ್ತವದಲ್ಲಿ ಅವನು ಕಾಲು ತೊಳೆಸಿಕೊಳ್ಳಲೊಲ್ಲದ ಪೇತ್ರನೇ ಸರಿ. ತೊಳೆಯಲು ಬಾಗುವ ನಡು, ತೊಳೆಸಿಕೊಳ್ಳಲು ಚಾಚುವ ಪಾದ, ಎರಡೂ ಬೇಕು. ಆಗಲೇ ನಾಯಕತ್ವವು ಪೂರ್ಣವಾಗುತ್ತದೆ.

ಪಾದ ತೊಳೆಯುವ ವಿಧಿಗೆ ಗಂಡಸರನ್ನು ಮಾತ್ರ ಆರಿಸುವ ನಿಯಮವನ್ನು 2016ರ ಜನವರಿ 6ರ ಆದೇಶದಿಂದ ಬದಲಾಯಿಸಲಾಯಿತು. ಸ್ತ್ರೀಯರು, ವೃದ್ಧರು, ರೋಗಿಗಳು, ಎಳೆಯರು ಎಲ್ಲರನ್ನೂ ಸೇರಿಸಬಹುದೆಂದಾಯಿತು. ಅದಕ್ಕೂ ಮೊದಲೇ, 2013ರಲ್ಲಿ, ಜಗದ್ಗುರು ಫ್ರಾನ್ಸಿಸರು ರೋಮ್ ನಗರದ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ ಅಲ್ಲಿಯ ಯುವಕ ಯುವತಿಯರ ಪಾದಗಳನ್ನು ತೊಳೆದಿದ್ದರು. ವಿಧಿಯಲ್ಲಾದ ಈ ಬದಲಾವಣೆಯು ನಮ್ಮ ಸಮಿತಿಗಳ ಪಟ್ಟಿಯಲ್ಲಿಯೂ ಕಾಣಿಸಿದೆಯೇ? ಪೀಠವನ್ನು ಅಲಂಕರಿಸುವುದು, ಗಾಯನ, ಧರ್ಮೋಪದೇಶ, ರೋಗಿಗಳ ಭೇಟಿ ಇವುಗಳ ಬಹುಪಾಲನ್ನು ಹೊತ್ತಿರುವವರು ನಮ್ಮ ತಾಯಂದಿರು ಹಾಗೂ ಸೋದರಿಯರು. ನಿರ್ಣಯ ಕೈಗೊಳ್ಳುವ ಮೇಜಿನಲ್ಲಿ ಅವರಿಗೆ ಎಷ್ಟು ಸ್ಥಾನಗಳಿವೆ? ಉತ್ತರವನ್ನು ಪ್ರತಿ ಧರ್ಮಕೇಂದ್ರವೂ ತಾನೇ ಎಣಿಸಿಕೊಳ್ಳಲಿ.

ಏಳು ಮಂದಿ ಪರಿಚಾರಕರು

ನಮ್ಮಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಇಷ್ಟೂ ಭಾಷೆಗಳನ್ನು ಮನೆಮಾತಾಗಿ ಉಳ್ಳವರು ಒಂದೇ ಪ್ರಭುವನ್ನು ಆರಾಧಿಸುತ್ತಾರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದವರುಂಟು, ಕಾರ್ಖಾನೆಯ ಕೆಲಸಕ್ಕೆಂದು ಬಂದವರುಂಟು, ಕೃಷಿಗೆಂದು ಬಂದವರುಂಟು, ತಲೆಮಾರುಗಳಿಂದ ಇಲ್ಲಿಯೇ ಇದ್ದವರುಂಟು. ಇದು ನಮ್ಮ ಸಂಪತ್ತು. ಆದರೆ ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ, ಹಬ್ಬದ ಅಧ್ಯಕ್ಷತೆ ಯಾರಿಗೆ ಎಂಬ ಪ್ರಶ್ನೆ ಬಂದಾಗ ಸಂಪತ್ತು ಸಂಕಟವಾಗಿ ಮಾರ್ಪಡುವುದನ್ನು ನಾವು ನಾಡಿನ ಅನೇಕ ಕಡೆ ನೋಡಿದ್ದೇವೆ.

ಇಂಥ ಸಂಕಟ ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಜೆರುಸಲೇಮಿನ ಆದಿ ಸಭೆಯಲ್ಲಿ ಗ್ರೀಕ್ ನುಡಿಯವರು ಹೀಬ್ರೂ ನುಡಿಯವರ ಮೇಲೆ ದೂರು ತಂದರು. ದಿನದಿನದ ಅನ್ನ ವಿತರಣೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದು ದೂರು. ಪ್ರೇಷಿತರು ದೂರು ತಂದವರನ್ನು ಒಡಕು ತರುವವರೆಂದು ಬೈದು ಸುಮ್ಮನಾಗಿಸಲಿಲ್ಲ. ಎಲ್ಲವನ್ನೂ ತಮ್ಮ ಕೈಯಲ್ಲಿಯೇ ಇಟ್ಟುಕೊಳ್ಳಲೂ ಇಲ್ಲ. ಇಡೀ ಸಭೆಯನ್ನು ಕರೆದರು. ಒಳ್ಳೆಯ ಹೆಸರು, ವಿವೇಕ ಮತ್ತು ಪವಿತ್ರಾತ್ಮಭರಿತರಾದ ಏಳು ಮಂದಿಯನ್ನು ಸಭೆಯೇ ಆರಿಸಲೆಂದು ಹೇಳಿದರು. ಆರಿಸಿ ತಂದವರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿದರು.

ಆರಿಸಲ್ಪಟ್ಟವರ ಹೆಸರುಗಳನ್ನು ಒಮ್ಮೆ ಓದಿ: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೋಲಾಯ. ಏಳೂ ಗ್ರೀಕ್ ಹೆಸರುಗಳು! ಯಾರು ನೊಂದಿದ್ದರೋ ಅವರ ಕಡೆಯವರ ಕೈಗೇ ಸೌಟನ್ನು ಕೊಡಲಾಯಿತೆಂದು ತೋರುತ್ತದೆ. ಸಂಖ್ಯೆಯಲ್ಲಿ ಹೆಚ್ಚಾದವರು ಕಡಿಮೆಯವರನ್ನು ನಂಬಿದರು. ನಂಬಿಸಿಕೊಂಡವರು ಎರಡೂ ಕಡೆಯ ವಿಧವೆಯರಿಗೆ ಬಡಿಸಿದರು. ಆ ಏಳರಲ್ಲಿ ಮೊದಲನೆಯವರಾದ ಸ್ತೇಫನರು ಧರ್ಮಸಭೆಯ ಮೊತ್ತಮೊದಲ ರಕ್ತಸಾಕ್ಷಿಯಾದರು. ಅನ್ನ ಬಡಿಸುವ ಕೆಲಸದಿಂದ ಆರಂಭವಾದ ಸೇವೆ ಪ್ರಾಣಾರ್ಪಣೆಯವರೆಗೆ ಹೋಯಿತು. ಬಡಿಸುವ ಕೆಲಸವು ಚಿಕ್ಕದೆಂದು ಯಾರು ಹೇಳಬಲ್ಲರು?

ನಮ್ಮ ನೆಲವೂ ಇದೇ ಪಾಠವನ್ನು ಹೇಳುತ್ತಿದೆ. ಶಿವಮೊಗ್ಗದ ಮಗ್ಗುಲಲ್ಲಿ ತುಂಗೆ, ಭದ್ರಾವತಿಯ ನಡುವೆ ಭದ್ರೆ. ಎರಡೂ ಕೂಡ್ಲಿಯಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ತುಂಗೆ ಎಂದು ಬೇರೆ ನದಿಯಿಲ್ಲ, ಭದ್ರೆ ಎಂದು ಬೇರೆ ನದಿಯಿಲ್ಲ. ಆದರೆ ಯಾವುದರ ಹೆಸರೂ ಅಳಿಸಿ ಹೋಗಿಲ್ಲ. ತುಂಗಭದ್ರೆಯಾಗಿ ಎರಡೂ ಉಳಿದಿವೆ, ಬಯಲುಸೀಮೆಯ ಬಾಯಾರಿಕೆಯನ್ನು ಹಿಂಗಿಸುತ್ತಿವೆ. ಭಾಷೆಗಳ ಕೂಡಲಿಯಾಗಿರುವ ಧರ್ಮಕೇಂದ್ರವು ಇದಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ಬೇರೆಲ್ಲಿ ಹುಡುಕಬೇಕು?

ವಿಶ್ವಾಸವನ್ನು ಹೊತ್ತ ಭುಜಗಳು

ನಾಯಕತ್ವವೆಂದರೆ ಗುರುಗಳ ಕೆಲಸ, ಶ್ರೀಸಾಮಾನ್ಯರದು ಕೇಳಿ ನಡೆಯುವುದಷ್ಟೇ ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಚರಿತ್ರೆಯು ಬೇರೆಯದನ್ನೇ ಸಾರುತ್ತದೆ. 1614ರಲ್ಲಿ ಜಪಾನಿನಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಲಾಯಿತು. ಕ್ರಮೇಣ ಗುರುಗಳೆಲ್ಲ ಕೊಲ್ಲಲ್ಪಟ್ಟರು ಇಲ್ಲವೇ ಹೊರಗಟ್ಟಲ್ಪಟ್ಟರು. ಇನ್ನೂರು ವರ್ಷಗಳಿಗೂ ಮೀರಿ ಅಲ್ಲಿ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಊರಕಾಮಿ ಎಂಬ ಹಳ್ಳಿಯ ಕೆಲವರು ಬಂದರು. ಅವರಲ್ಲಿ ಒಬ್ಬ ಮಹಿಳೆಯು ಗುರು ಪೆತಿಜಾನರ ಬಳಿ ಮೆಲ್ಲನೆ, ತಾವೂ ಅವರದೇ ವಿಶ್ವಾಸದವರೆಂದು ತಿಳಿಸಿದಳು. ಅಷ್ಟು ಕಾಲ ಆ ವಿಶ್ವಾಸವನ್ನು ಉಳಿಸಿದವರು ಯಾರು? ಹಬ್ಬಹರಿದಿನಗಳ ಪಂಚಾಂಗವನ್ನು ನೆನಪಿಟ್ಟು ಹೇಳುವ ಒಬ್ಬ ಹಿರಿಯ, ಶಿಶುಗಳಿಗೆ ಸ್ನಾನದೀಕ್ಷೆ ಕೊಡುವ ಮತ್ತೊಬ್ಬ, ಮನೆಮನೆಗೆ ಸುದ್ದಿ ಮುಟ್ಟಿಸುವ ಇನ್ನೊಬ್ಬ. ಅವರಿಗೆ ಶಾಲು ಹೊದಿಸಿದವರಿಲ್ಲ. ಸಿಕ್ಕಿಬಿದ್ದರೆ ಮರಣವೇ ಸನ್ಮಾನ.

ಆ ಗುರು ಪೆತಿಜಾನರು ಪ್ಯಾರಿಸ್ ವಿದೇಶೀ ಧರ್ಮಪ್ರಚಾರಕ ಸಂಸ್ಥೆಗೆ ಸೇರಿದವರು. ನಮ್ಮ ಮೈಸೂರು ಸೀಮೆಯಲ್ಲಿ ದೀರ್ಘಕಾಲ ದುಡಿದವರೂ ಅದೇ ಸಂಸ್ಥೆಯ ಗುರುಗಳು. ಅವರಲ್ಲಿ ಅಬ್ಬೆ ದ್ಯುಬುವಾರವರು ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರಿಗೆ ಬಂದು, 1823ರವರೆಗೆ ಇಲ್ಲಿ ಬಾಳಿದರು. ಈ ನಾಡಿನ ಉಡುಪನ್ನು ಉಟ್ಟು, ಇಲ್ಲಿಯ ಊಟವನ್ನು ಉಂಡು, ಹಾಸನದ ಬಳಿಯ ಸಾತಳ್ಳಿಯಲ್ಲಿ ನಿರ್ಗತಿಕ ಕುಟುಂಬಗಳನ್ನು ಬೇಸಾಯಕ್ಕೆ ನೆಲೆಗೊಳಿಸಿ, ಸಿಡುಬಿನ ವಿರುದ್ಧ ದೇವಿ ಹಾಕುವುದನ್ನು ಜನರಲ್ಲಿ ಪ್ರಚುರಪಡಿಸಿದರು. ಜನರು ಅವರನ್ನು ದೊಡ್ಡಸ್ವಾಮಿಗಳೆಂದು ಕರೆದರು. ಆ ದೊಡ್ಡತನವು ಬಂದದ್ದು ಜನರ ನೆಲದ ಮೇಲೆ ಜನರಂತೆಯೇ ಕುಳಿತುದರಿಂದ.

ಒಬ್ಬರೇ ಗುರುಗಳು ವಿಸ್ತಾರವಾದ ಸೀಮೆಯನ್ನು ಕುದುರೆಯ ಮೇಲೋ ಎತ್ತಿನಗಾಡಿಯಲ್ಲೋ ಸುತ್ತಬೇಕಾಗಿದ್ದ ಆ ದಿನಗಳಲ್ಲಿ ಹಳ್ಳಿಗಳ ವಿಶ್ವಾಸವನ್ನು ಕಾದವರು ಉಪದೇಶಿಗಳು. ಮಕ್ಕಳಿಗೆ ಜಪ ಕಲಿಸುವವರು ಅವರೇ, ಸತ್ತವರ ಬಳಿ ಪ್ರಾರ್ಥಿಸುವವರು ಅವರೇ, ಜಗಳ ಬಿಡಿಸುವವರೂ ಅವರೇ. ಕರಾವಳಿಯ ಕೊಂಕಣಿ ಧರ್ಮಕೇಂದ್ರಗಳಲ್ಲಿ ವಾರ್ಡಿಗೊಬ್ಬ ಗುರ್ಕಾರರು ಇದೇ ಹೊಣೆಯನ್ನು ಹೊತ್ತರು. ಜಗದ್ಗುರು ಫ್ರಾನ್ಸಿಸರು 2021ರ ಮೇ 10ರಂದು ಉಪದೇಶಿಯ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವಾಪದವಿಯಾಗಿ ಸ್ಥಾಪಿಸಿದರು. ಮುಂದಿನ ವರ್ಷವೇ, 2022ರ ಮೇ 15ರಂದು, ತಿರುವಾಂಕೂರಿನ ಅರಮನೆಯ ಅಧಿಕಾರಿಯಾಗಿದ್ದು 1745ರಲ್ಲಿ ಸ್ನಾನದೀಕ್ಷೆ ಪಡೆದು 1752ರಲ್ಲಿ ಪ್ರಾಣ ತೆತ್ತ ದೇವಸಹಾಯಂರವರು ಸಂತರೆಂದು ಘೋಷಿಸಲ್ಪಟ್ಟರು. ಅವರು ಗುರುವಲ್ಲ, ಸನ್ಯಾಸಿಯಲ್ಲ, ಸಂಸಾರಸ್ಥರು. ಮೇಲು ಕೀಳೆಂಬ ಭೇದವನ್ನು ತೊರೆದು ಎಲ್ಲರೊಡನೆ ಸಮನಾಗಿ ಬೆರೆತವರು. ಭಾರತದ ಶ್ರೀಸಾಮಾನ್ಯರಲ್ಲಿ ಸಂತಪದವಿಗೇರಿದ ಮೊದಲಿಗರು ಅವರೇ.

ನಮ್ಮ ನೆಲದ ಸಾಕ್ಷಿ

ಸತ್ಯವು ಎಲ್ಲಿಯೇ ಇದ್ದರೂ ಅದನ್ನು ಗೌರವಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ನಮಗೆ ಕಲಿಸಿದೆ. ನಮ್ಮ ಜಿಲ್ಲೆಯ ಶಿಕಾರಿಪುರದ ಸೀಮೆಯಲ್ಲಿರುವ ಬಳ್ಳಿಗಾವಿಯು ಅಲ್ಲಮಪ್ರಭುಗಳ ಊರು. ಉಡುತಡಿಯು ಅಕ್ಕಮಹಾದೇವಿಯ ಊರು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದರು, ದುಡಿದುದನ್ನು ಹಂಚುವುದನ್ನು ದಾಸೋಹವೆಂದರು. ಅವರ ಅನುಭವ ಮಂಟಪದಲ್ಲಿ ಅಲ್ಲಮರು ಏರಿದ ಪೀಠಕ್ಕೆ ಪರಂಪರೆಯು ಶೂನ್ಯ ಸಿಂಹಾಸನವೆಂದು ಹೆಸರಿಟ್ಟಿತು. ತನ್ನನ್ನು ತಾನು ಬರಿದು ಮಾಡಿಕೊಂಡವನಿಗೆ ಮಾತ್ರ ಆ ಆಸನ. ಕ್ರಿಸ್ತನು ದೇವಸ್ವರೂಪನಾಗಿದ್ದರೂ ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪ ತಾಳಿದನೆಂಬ ಸಂತ ಪೌಲರ ಬೋಧನೆಯನ್ನು ಬಲ್ಲ ನಮಗೆ ಈ ಹೆಸರಿನ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಭದ್ರಾವತಿಯವರಿಗೆ ಇನ್ನೊಂದು ಹತ್ತಿರದ ನಿದರ್ಶನವಿದೆ. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿತು. ಕಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿದ್ದರು. ಕಾರ್ಖಾನೆಯು ನಷ್ಟದಲ್ಲಿ ಮುಗ್ಗರಿಸುತ್ತಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ 1929ರವರೆಗೆ ನಡೆಸಿದರು. ಆ ಕಾಲದ ಸಂಭಾವನೆಯನ್ನು ಅವರು ತಮಗಾಗಿ ತೆಗೆದುಕೊಳ್ಳಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದನ್ನು ಬೆಂಗಳೂರಿನಲ್ಲಿ ತೆರೆಯಲು ಅದನ್ನು ವಿನಿಯೋಗಿಸುವಂತೆ ತಿಳಿಸಿದರು. 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರನ್ನು ಇಡಗೊಡದೆ, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ಹಣ ತಮ್ಮದು, ಹೆಸರು ಬೇರೆಯವರದು! ನಮ್ಮಲ್ಲಿಯೋ, ಒಂದು ಬೆಂಚನ್ನು ದಾನ ಮಾಡಿದರೆ ಅದರ ಬೆನ್ನಿನ ಮೇಲೆ ಮೂರು ತಲೆಮಾರಿನ ಹೆಸರು ಬರೆಯಿಸದೆ ಸಮಾಧಾನವಿಲ್ಲ.

ಧರ್ಮಸಭೆಯ ಕಟ್ಟಳೆ

ದೀನಸೇವೆಯು ಕೇವಲ ಮನಸ್ಸಿನ ಭಾವನೆಯೆಂದು ತಿಳಿಯಬಾರದು. ಅದಕ್ಕೆ ವ್ಯವಸ್ಥೆಯ ಆಸರೆ ಬೇಕು. ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮದಲ್ಲಿ ಮುಖ್ಯ ವಿಷಯ ಬಂದಾಗ ಮಠಾಧಿಪತಿಯು ಎಲ್ಲರನ್ನೂ ಕರೆದು ಅಭಿಪ್ರಾಯ ಕೇಳಬೇಕೆಂದು ವಿಧಿಸಿದರು. ಕಿರಿಯನ ಬಾಯಿಂದಲೂ ದೇವರು ಒಳ್ಳೆಯದನ್ನು ತಿಳಿಸಬಹುದೆಂಬುದು ಅವರ ನಂಬಿಕೆ. ಅಡಿಗೆಮನೆಯ ಕೆಲಸವು ಸರದಿಯಂತೆ ಎಲ್ಲರಿಗೂ ಬರಬೇಕು; ವಾರದ ಸರದಿ ಮುಗಿಸುವವನೂ ಆರಂಭಿಸುವವನೂ ಕೂಡಿ ಎಲ್ಲರ ಕಾಲು ತೊಳೆಯಬೇಕು ಎಂದೂ ಬರೆದರು. ಗುಣವು ಬೆಳೆಯುವುದು ಹೀಗೆ ಸರದಿಯಿಂದ, ಅಭ್ಯಾಸದಿಂದ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ದೇವಜನರೆಂಬ ಅಧ್ಯಾಯವನ್ನು ಮೊದಲಿಗೂ, ಅಧಿಕಾರಶ್ರೇಣಿಯ ಅಧ್ಯಾಯವನ್ನು ಆಮೇಲೆಯೂ ಇಟ್ಟಿತು. ಈ ಅನುಕ್ರಮವೇ ಒಂದು ಬೋಧನೆ. ಮೊದಲು ನಾವೆಲ್ಲರೂ ಸ್ನಾನದೀಕ್ಷೆ ಪಡೆದವರು, ಆಮೇಲೆ ಪದವಿಗಳು. 1983ರ ಧರ್ಮಸಭಾ ಕಾನೂನು ಸಂಹಿತೆಯು ಇದಕ್ಕೆ ರೂಪ ಕೊಟ್ಟಿತು. ಅದರ 212ನೆಯ ವಿಧಿಯಂತೆ ಧರ್ಮಸಭೆಯ ಹಿತದ ಬಗ್ಗೆ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು. 536ನೆಯ ವಿಧಿಯು ಪಾಲನಾ ಮಂಡಳಿಯನ್ನು ಕುರಿತದ್ದು. ಮಂಡಳಿಯದು ಸಲಹೆ ನೀಡುವ ಅಧಿಕಾರ. 537ನೆಯ ವಿಧಿಯು ಪ್ರತಿ ಧರ್ಮಕೇಂದ್ರದಲ್ಲಿಯೂ ಆರ್ಥಿಕ ಮಂಡಳಿ ಇರಲೇಬೇಕೆನ್ನುತ್ತದೆ. ಭಕ್ತರು ಅರ್ಪಿಸಿದ ಧನದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿಯು ಹೇಳುತ್ತದೆ. 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಮುಕ್ತಾಯಗೊಂಡ ಸಿನೊಡ್ ಸಭೆಯ ಅಂತಿಮ ದಾಖಲೆಯೂ ಇಂಥ ಮಂಡಳಿಗಳು ಹೆಸರಿಗೆ ಮಾತ್ರ ಇರಬಾರದು, ಪಾರದರ್ಶಕತೆ ಮತ್ತು ಉತ್ತರ ಕೊಡುವ ಹೊಣೆ ಎಲ್ಲ ಹಂತಗಳಲ್ಲಿಯೂ ಬೇಕು ಎಂದು ಒತ್ತಿ ಹೇಳಿದೆ.

ಮಂಡಳಿಗೆ ಸಲಹೆಯ ಅಧಿಕಾರ ಮಾತ್ರವೆಂದಾಗ ಕೆಲವರು ನಿರಾಶರಾಗುತ್ತಾರೆ. ಇನ್ನು ಕೆಲವರು ಅದನ್ನೇ ಆಧಾರವಾಗಿಟ್ಟುಕೊಂಡು ಮಂಡಳಿಯನ್ನು ಮೂಲೆಗೊತ್ತುತ್ತಾರೆ. ಎರಡೂ ಸರಿಯಲ್ಲ. ಪ್ರೀತಿಯುಳ್ಳ ಮನೆಯಲ್ಲಿ ತಂದೆಯು ಮಕ್ಕಳ ಮಾತನ್ನು ಕೇಳುವುದು ಕಾನೂನಿನ ಭಯದಿಂದಲ್ಲ. ಕೇಳದ ಪಾಲಕನಿಗೆ ಮಂಡಳಿ ಇದ್ದೂ ಇಲ್ಲ; ಹೊಗಳುವವರಿಂದ ಮಾತ್ರ ತುಂಬಿದ ಮಂಡಳಿ ಪಾಲಕನಿಗೆ ಶತ್ರುವಿಗಿಂತ ಹೆಚ್ಚಿನ ಅಪಾಯ.

ಎರಡು ವೇಷಗಳು

ದೀನತೆಯ ಹೆಸರಿನಲ್ಲಿ ಎರಡು ವೇಷಗಳು ನಮ್ಮ ನಡುವೆ ಓಡಾಡುತ್ತವೆ. ಮೊದಲನೆಯದು ವೇದಿಕೆಯ ವಿನಯ. ತಾನೊಬ್ಬ ಅಲ್ಪನೆಂದು ಮಾತಿನ ಆರಂಭದಲ್ಲಿ ಹೇಳಿ, ಮುಗಿಯುವುದರೊಳಗೆ ತನ್ನ ಸಾಧನೆಗಳೆಲ್ಲವನ್ನೂ ಎಣಿಸುವುದು. ಅವಧಿ ಮುಗಿದರೂ ಕಡತವನ್ನು ಬಿಟ್ಟುಕೊಡದಿರುವುದು. ಇದನ್ನು ಎಲ್ಲರೂ ಗುರುತಿಸುತ್ತಾರೆ.

ಎರಡನೆಯದು ಗುರುತಿಸಲು ಕಷ್ಟವಾದುದು. ಶಕ್ತಿಯಿದ್ದೂ, ವಿದ್ಯೆಯಿದ್ದೂ, ಬಿಡುವಿದ್ದೂ, ತಾನು ಯೋಗ್ಯನಲ್ಲವೆಂದು ಹಿಂದೆ ಸರಿಯುವುದು. ಆಮೇಲೆ ದೇವಾಲಯದ ಮುಂದಿನ ಮರದಡಿಯಲ್ಲಿ ನಿಂತು ಮುಂದೆ ಬಂದವರನ್ನು ಟೀಕಿಸುವುದು. ಇದು ದೀನತೆಯಲ್ಲ, ಹೊಣೆಗೇಡಿತನ. ಸೇವಕನಾಗಿರೆಂದು ಹೇಳಿದ ಪ್ರಭುವು ಪ್ರತಿಭೆಯ ನಾಣ್ಯವನ್ನು ನೆಲದಲ್ಲಿ ಹೂತಿಟ್ಟವನನ್ನೂ ಖಂಡಿಸಿದರೆಂಬುದು ನೆನಪಿರಲಿ. ನಿಜವಾದ ದೀನನು ಕರೆದಾಗ ಮುಂದೆ ಬರುತ್ತಾನೆ, ಕೆಲಸ ಮುಗಿದಾಗ ಹಿಂದೆ ಸರಿಯುತ್ತಾನೆ. ಎರಡಕ್ಕೂ ಧೈರ್ಯ ಬೇಕು.

ಇಂದಿನ ಬೋಗುಣಿ

ಇಷ್ಟನ್ನೂ ಹೇಳಿ, ನಮ್ಮ ಕಣ್ಣೆದುರಿನ ನೋವನ್ನು ಹೇಳದೆ ಹೋದರೆ ಈ ಉಪನ್ಯಾಸವು ಬರಿಯ ಮಾತಾದೀತು. ಒಂದು ಕಾಲಕ್ಕೆ ಭದ್ರಾವತಿಯೆಂದರೆ ಉಕ್ಕು ಮತ್ತು ಕಾಗದ. ಕಾರ್ಖಾನೆಯ ಸೈರನ್ನು ಊರಿನ ಗಡಿಯಾರವಾಗಿತ್ತು. 1937ರಲ್ಲಿ ಜನ್ಮ ತಾಳಿದ ಮೈಸೂರು ಕಾಗದ ಕಾರ್ಖಾನೆಯಲ್ಲಿ 2015ರ ಕೊನೆಯ ಹೊತ್ತಿಗೆ ಉತ್ಪಾದನೆ ನಿಂತುಹೋಯಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯು ನೂರು ತುಂಬಿದ ತಿಂಗಳಿನಲ್ಲಿಯೇ, 2023ರ ಜನವರಿಯಲ್ಲಿ, ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಅದೇ ವರ್ಷ ಕೆಲವು ವಿಭಾಗಗಳಲ್ಲಿ ಕೆಲಸ ಮತ್ತೆ ಆರಂಭವಾಯಿತಾದರೂ, ಗುತ್ತಿಗೆ ಕಾರ್ಮಿಕರು ತಮ್ಮ ಕೆಲಸಕ್ಕಾಗಿ ತಿಂಗಳುಗಟ್ಟಲೆ ಧರಣಿ ಕುಳಿತದ್ದನ್ನು ಊರೇ ಕಂಡಿದೆ.

ಒಂದು ಊರಿನ ಕುಲುಮೆ ತಣ್ಣಗಾದಾಗ ಮನೆಗಳ ಒಲೆಗಳೂ ತಣ್ಣಗಾಗುತ್ತವೆ. ಕೆಲಸ ಕಳೆದುಕೊಂಡ ತಂದೆಯು ಮೊದಲು ಬಿಡುವುದು ಜನರ ಮುಂದೆ ಬರುವುದನ್ನು. ಭಾನುವಾರದ ಪೂಜೆಯಲ್ಲಿ ಅವನು ಹಿಂದಿನ ಸಾಲಿಗೆ ಸರಿಯುತ್ತಾನೆ. ಆಮೇಲೆ ಬರುವುದನ್ನೇ ನಿಲ್ಲಿಸುತ್ತಾನೆ. ಮಗಳ ಕಾಲೇಜು ಶುಲ್ಕ ಬಾಕಿ, ಮನೆ ಬಾಡಿಗೆ ಬಾಕಿ, ಹಬ್ಬದ ವಂತಿಗೆಯೂ ಬಾಕಿ. ವಂತಿಗೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಖಾಲಿ ಬಿಟ್ಟ ಜಾಗವನ್ನು ನೋಡಿ ನಮ್ಮ ಸಮಿತಿಯು ಏನು ಮಾಡುತ್ತದೆ? ಹೆಸರನ್ನು ಫಲಕದಲ್ಲಿ ಬಿಟ್ಟುಬಿಡುತ್ತದೆಯೋ, ಇಲ್ಲವೇ ಸಂಜೆ ಅವನ ಬಾಗಿಲನ್ನು ತಟ್ಟುತ್ತದೆಯೋ? ಶತಮಾನೋತ್ಸವದ ನಿಜವಾದ ಪರೀಕ್ಷೆ ಇಲ್ಲಿದೆ. ದೀಪಾಲಂಕಾರ ಎಷ್ಟು ಮೆರೆಯಿತೆಂಬುದು ಹಬ್ಬದ ಮರುದಿನವೇ ಮರೆತುಹೋಗುತ್ತದೆ. ಕಷ್ಟದಲ್ಲಿದ್ದ ಮನೆಗೆ ಯಾರು ಬಂದರೆಂಬುದನ್ನು ಆ ಮನೆಯ ಮಕ್ಕಳು ಸಾಯುವವರೆಗೆ ಮರೆಯುವುದಿಲ್ಲ.

1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿಯು ಕೆಲವೇ ಗೆಳೆಯರೊಡನೆ ಸಂತ ವಿನ್ಸೆಂಟ್ ದೆ ಪೌಲರ ಹೆಸರಿನ ಸಭೆಯನ್ನು ಆರಂಭಿಸಿದನು. ಬಡವರನ್ನು ಅವರ ಮನೆಯಲ್ಲಿಯೇ ಹೋಗಿ ಕಾಣುವುದು ಅದರ ಮೂಲ ನಿಯಮ. ಕರೆಸಿಕೊಂಡು ಸಾಲಿನಲ್ಲಿ ನಿಲ್ಲಿಸಿ, ಛಾಯಾಚಿತ್ರ ತೆಗೆಸಿ ಕೊಡುವ ದಾನದಲ್ಲಿ ಕೊಡುವವನು ಎತ್ತರದಲ್ಲಿರುತ್ತಾನೆ. ಮನೆಗೆ ಹೋದಾಗ ಅವನು ಅತಿಥಿ, ಹೊಸ್ತಿಲಲ್ಲಿ ತಲೆಬಾಗಲೇಬೇಕು. ಬಡವರ ಮನೆಯ ಬಾಗಿಲು ಕುಳ್ಳಾಗಿರುವುದರಲ್ಲಿಯೂ ದೈವಸಂಕಲ್ಪವಿದೆಯೋ ಏನೋ!

ಕೆಲವು ಸಲಹೆಗಳು

ಕಡೆಯದಾಗಿ, ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಧರ್ಮಕೇಂದ್ರಗಳ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ.

ಮೊದಲನೆಯದಾಗಿ, ಅವಧಿ ಮುಗಿದ ದಿನವೇ ಕಡತ, ಲೆಕ್ಕ, ಕೀಲಿಕೈ ಮೂರನ್ನೂ ಹೊಸಬರಿಗೆ ಒಪ್ಪಿಸೋಣ. ಬಿಟ್ಟುಕೊಡುವ ದಿನದ ಮುಖವು ವಹಿಸಿಕೊಂಡ ದಿನದಂತೆಯೇ ಪ್ರಸನ್ನವಾಗಿರಲಿ.

ಎರಡನೆಯದಾಗಿ, ಹಬ್ಬದ ಹಾಗೂ ಶತಮಾನೋತ್ಸವದ ಜಮಾಖರ್ಚನ್ನು ದೇವಾಲಯದ ಬಾಗಿಲಲ್ಲಿ ಎಲ್ಲರೂ ಓದುವಂತೆ ಅಂಟಿಸೋಣ. ಲೆಕ್ಕ ಕೇಳುವುದನ್ನು ಅವಿಶ್ವಾಸವೆಂದು ಎಣಿಸದಿರೋಣ. ಬಡ ವಿಧವೆಯ ಎರಡು ಕಾಸೂ ಆ ಮೊತ್ತದಲ್ಲಿ ಸೇರಿದೆ.

ಮೂರನೆಯದಾಗಿ, ಸಭೆಗಳಲ್ಲಿ ಎಂದೂ ಬಾಯಿ ತೆರೆಯದವರಿಗೆ ಮೊದಲು ಮಾತನಾಡುವ ಅವಕಾಶ ಕೊಡೋಣ. ಯುವಕರನ್ನು ಕುರ್ಚಿ ಹೊರುವುದಕ್ಕೆ ಮಾತ್ರ ಕರೆಯದೆ, ಕುರ್ಚಿಯಲ್ಲಿ ಕುಳ್ಳಿರಿಸಿ ಅಭಿಪ್ರಾಯವನ್ನೂ ಕೇಳೋಣ.

ನಾಲ್ಕನೆಯದಾಗಿ, ಒಂದು ಭಾಷೆಯವರ ಹಬ್ಬಕ್ಕೆ ಇನ್ನೊಂದು ಭಾಷೆಯವರು ಬಡಿಸುವ ಪದ್ಧತಿಯನ್ನು ಆರಂಭಿಸೋಣ. ಎಲೆಯ ಮುಂದೆ ಬಾಗಿ ಬಡಿಸಿದವನೊಡನೆ ದ್ವೇಷ ಸಾಧಿಸುವುದು ಕಷ್ಟ.

ಐದನೆಯದಾಗಿ, ಪಾಲನಾ ಮಂಡಳಿಯ ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೆ ಕ್ರಮವಾಗಿ ತನ್ನ ವಾರ್ಡಿನ ಮೂರು ಮನೆಗಳಿಗೆ ಭೇಟಿ ಕೊಡಲಿ: ಕೆಲಸವಿಲ್ಲದವರ ಮನೆ, ಹಾಸಿಗೆ ಹಿಡಿದವರ ಮನೆ, ದೇವಾಲಯಕ್ಕೆ ಬರುವುದನ್ನು ನಿಲ್ಲಿಸಿದವರ ಮನೆ. ಯಾವ ಉಪದೇಶವನ್ನೂ ಮಾಡಬೇಕಾಗಿಲ್ಲ; ಕುಳಿತು ಕೇಳಿದರೆ ಸಾಕು. ಕೇಳಿದುದನ್ನು ಮಂಡಳಿಯ ಸಭೆಗೆ ತಂದಾಗ ಸಭೆಯ ವಿಷಯಗಳ ಪಟ್ಟಿ ತಾನಾಗಿಯೇ ಬದಲಾಗುತ್ತದೆ.

ಪ್ರಿಯ ಬಾಂಧವರೇ, ಸಂತ ಮಹಾ ಗ್ರೆಗೋರಿಯವರು ಆರನೆಯ ಶತಮಾನದ ಕೊನೆಯಲ್ಲಿ ಜಗದ್ಗುರುವಾದಾಗ ತಮ್ಮನ್ನು ದೇವರ ದಾಸರ ದಾಸನೆಂದು ಕರೆದುಕೊಂಡರು. ಇಂದಿಗೂ ಪೇತ್ರರ ಪೀಠದ ಬಿರುದುಗಳಲ್ಲಿ ಅದೊಂದಾಗಿದೆ. ಶಿಖರದಲ್ಲಿರುವವರಿಗೇ ಈ ಬಿರುದು ಸಾಲುವುದಾದರೆ, ನಮ್ಮ ಸಮಿತಿಗಳ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳಿಗೆ ಇದಕ್ಕಿಂತ ದೊಡ್ಡ ಬಿರುದು ಏಕೆ ಬೇಕು?

ನಮ್ಮ ಪೂರ್ವಿಕರು ನಮಗೆ ಒಂದು ದೇವಾಲಯವನ್ನು ಒಪ್ಪಿಸಿ ಹೋದರು. ನೂರು ವರ್ಷಗಳ ಬಳಿಕ ಇಲ್ಲಿ ಸೇರುವವರಿಗೆ ನಾವು ಒಪ್ಪಿಸಬೇಕಾದುದು ಒಬ್ಬರ ಕಾಲನ್ನು ಒಬ್ಬರು ತೊಳೆಯಬಲ್ಲ ಒಂದು ಜನವನ್ನು. ಪ್ರಭುವಿನ ದಾಸಿಯೆಂದು ತನ್ನನ್ನು ಅರ್ಪಿಸಿಕೊಂಡು, ಗರ್ಭಿಣಿಯಾಗಿದ್ದರೂ ಬೆಟ್ಟದ ಸೀಮೆಗೆ ಅವಸರದಿಂದ ನಡೆದು ಎಲಿಜಬೇತಳ ಮನೆಗೆಲಸಕ್ಕೆ ಒದಗಿದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಶಿಷ್ಯರ ಪಾದಗಳ ಬಳಿ ಬಾಗಿದ ಪ್ರಭುವು ನಮ್ಮ ಬಾಗದ ಬೆನ್ನುಗಳನ್ನು ಬಾಗಿಸಲಿ, ಬಾಗಿ ದಣಿದ ಬೆನ್ನುಗಳಿಗೆ ಬಲವನ್ನು ನೀಡಲಿ.